ಟಿಗ್ ಮಷೀನು ಬಂದ ದಸರಾ

ಸೆಪ್ಟೆಂಬರ್ 29, ಭಾನುವಾರ

ಬೆಲೆ ಕೇಳಿ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು. ನನ್ನ ಎರಡು ತಿಂಗಳ ಸಂಬಳ! ಅದೂ ಒಂದು ವೆಲ್ಡಿಂಗ್ ಮಷೀನಿಗೆ. ಇವರು ಅಮೃತಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವೆಲ್ಡಿಂಗ್ ಇವರ ಕಸುಬಲ್ಲ, ಹುಚ್ಚು.

"ಮನೇಲಿ ಒಂದು ಮಷೀನು ಇದ್ಯಲ್ರೀ" ಅಂದೆ.

"ಅದು ಗೇಟು, ಗ್ರಿಲ್ಲಿಗೆ ಆಗುತ್ತೆ ಕಣೇ. ಕಾರಿನ ತಗಡಿಗೆ ಮುಟ್ಟಿಸಿದ್ರೆ ತೂತು ಬೀಳುತ್ತೆ. ಇದು ಟಿಗ್. ಸೂಜಿ ಮೊನೇಲಿ ಹೊಲಿದಂಗೆ ಹೊಲೀಬೋದು. ಕಾಲಲ್ಲಿ ಪೆಡಲ್ ಒತ್ತಿದ್ರೆ ಬಿಸಿ ಜಾಸ್ತಿ, ಬಿಟ್ರೆ ಕಮ್ಮಿ. ನಿನ್ನ ಹೊಲಿಗೆ ಮಷೀನು ಇದ್ದಂಗೇ."

ನನ್ನ ಹತ್ತಿರ ಹೊಲಿಗೆ ಮಷೀನೇ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅದೂ ಗೊತ್ತಿಲ್ಲ.

ಎಲ್ಲಕ್ಕೂ ಕಾರಣ ಶೆಡ್ಡಿನಲ್ಲಿರುವ ಆ ಹಳೇ ಫಿಯಟ್. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಲಿಂಗದಹಳ್ಳಿ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿತ್ತು. ನೋಡಲು ಹೋದಾಗ ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿತ್ತಂತೆ. ಮರಿ ಹೊರಬರುವವರೆಗೆ ಕಾದು, ಆಮೇಲೆ ಕಾರು ಎಳೆಸಿಕೊಂಡು ಬಂದರು. ನಾನು ಜ್ವರ ಬಂದು ಮಲಗಿದಾಗ ಇಷ್ಟು ತಾಳ್ಮೆ ಕಾಣಲಿಲ್ಲ. ಕಾರಿಗಾಗಿ ಮನೆಯ ಹಿಂದೆ ಶೆಡ್ಡು, ಶೆಡ್ಡಿನೊಳಗೆ ನಿಂತು ಕಾರಿನ ಅಡಿ ಕೆಲಸ ಮಾಡಲು ಕತ್ತಿನವರೆಗೆ ಬರುವ ಗುಂಡಿ. ಇನ್ನು ಈ ಮಷೀನು.

ಅತ್ತೆಯ ಹತ್ತಿರ ಹೇಳಿದರೆ "ಮೇಷ್ಟ್ರ ಸಂಬಳ, ಮೇಷ್ಟ್ರ ಇಷ್ಟ" ಎನ್ನುತ್ತಾರೆ. ಮೈದುನ ಸುದೀಪನಿಗೆ ಹೇಳಿದರೆ ಅಣ್ಣನ ಪರ. ಅವನಿಗೆ ಟೆಂಪೋ ಬಿಟ್ಟರೆ ಅಣ್ಣ, ಅಣ್ಣ ಬಿಟ್ಟರೆ ಟೆಂಪೋ. ಸಹಕಾರ ಸಂಘದವರು ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಜಗಳವಾಡುವ ಬದಲು ಇದರಲ್ಲಿ ಬರೆಯೋಣ ಎನ್ನಿಸಿತು. ಅಜ್ಜಂಪುರದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಡೀ ದಿನ ಊರವರ ಖಾತೆ, ಪಹಣಿ ಹುಡುಕುವವಳು ನಾನು. ನನ್ನದೂ ಒಂದು ಪುಟ ಇರಲಿ.

ಅಕ್ಟೋಬರ್ 5, ಶನಿವಾರ

ಬೆಲೆ ಇಳಿಸಬೇಕೆಂದು ಅರ್ಧ ದಿನ ರಜೆ ಹಾಕಿ ನಾನೂ ಕಡೂರಿಗೆ ಹೋದೆ. ಇವರು ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಅಂಗಡಿಯ ತಿಮ್ಮೇಶ್ ಎಂಬುವವರು ಮಷೀನು ಓಡಿಸಿ ತೋರಿಸಿದರು. "ಮೇಡಂ, ನೀವೂ ನೋಡಿ" ಎಂದು ನನ್ನ ತಲೆಗೂ ಒಂದು ಹೆಲ್ಮೆಟ್ ಸಿಕ್ಕಿಸಿದರು. ಒಳಗೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ಸಾಸಿವೆಯಷ್ಟು ಬಿಳೀ ಬೆಳಕು ಹುಟ್ಟಿತು. ಎರಡು ತಗಡಿನ ಅಂಚುಗಳು ಬೆಣ್ಣೆಯ ಹಾಗೆ ಕರಗಿ ಒಂದಾದವು. ಕಿಡಿ ಇಲ್ಲ, ಚಟಪಟ ಇಲ್ಲ.

ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಬಸ್ಸಿನಲ್ಲಿ ಗೊಣಗಿದೆ. ಇವರು ಕೇಳಿಸಿಕೊಳ್ಳಲಿಲ್ಲ. ಬೀರೂರು ದಾಟಿದರೂ ಕಣ್ಣು ಮುಚ್ಚಿದರೆ ಆ ಬಿಳೀ ಚುಕ್ಕೆ ಕಾಣುತ್ತಿತ್ತು.

ಅಕ್ಟೋಬರ್ 10, ಗುರುವಾರ

ಮಷೀನು ಬಂತು. ಅದಕ್ಕೆ ಬೇಕಾದ ಆರ್ಗಾನ್ ಗ್ಯಾಸಿನ ಸಿಲಿಂಡರನ್ನು ಸುದೀಪ ಭದ್ರಾವತಿಯಿಂದ ಟೆಂಪೋದಲ್ಲಿ ತಂದ. ಅತ್ತೆಯಷ್ಟೇ ಎತ್ತರವಿದೆ. ಅತ್ತೆ ಅದರ ಪಕ್ಕ ನಿಂತು, "ಮನೆಗೆ ಬಾಂಬು ತಂದಿಟ್ರಲ್ಲೋ!" ಅಂದರು.

"ಬೆಂಕಿ ಹತ್ತಲ್ಲ ಕಣಮ್ಮ. ವಿಷಾನೂ ಅಲ್ಲ, ವಾಸನೇನೂ ಇಲ್ಲ. ನಾವು ಉಸಿರಾಡೋ ಗಾಳೀಲೂ ಚೂರು ಇರುತ್ತೆ. ಕಾದ ತಗಡಿಗೆ ಗಾಳಿ ತಾಗದಂಗೆ ಮುಚ್ಚಿಡೋದು, ಅಷ್ಟೇ ಇದರ ಕೆಲಸ" ಎಂದು ಇವರು ಕ್ಲಾಸಿನಲ್ಲಿ ಹೇಳುವಂತೆ ಹೇಳಿದರು. ನನ್ನನ್ನು ಕರೆದು ಸಿಲಿಂಡರಿನ ಮೇಲಿನ ಮೀಟರಿನ ಮುಳ್ಳನ್ನೂ ತೋರಿಸಿದರು. "ನೋಡು, ಬಲಗಡೆ ತುದೀಲಿದೆ. ಫುಲ್."

ಸಂಜೆವರೆಗೆ ಹಳೇ ತಗಡಿನ ಚೂರುಗಳ ಮೇಲೆ ಕೈ ಪಳಗಿಸಿಕೊಂಡರು. ನಾಳೆ ಆಯುಧಪೂಜೆ, ಶೆಡ್ಡು ಗುಡಿಸಬೇಕು ಎಂದು ಅತ್ತೆ ಕೂಗಿದ ಮೇಲೆ ಗಡಿಬಿಡಿಯಲ್ಲಿ ಸ್ವಿಚ್ ಆರಿಸಿ ಎದ್ದು ಬಂದರು.

ಅಕ್ಟೋಬರ್ 11, ಶುಕ್ರವಾರ

ಪೂಜೆ ಆಯಿತು. ಟೆಂಪೋ, ಬೈಕು, ಸ್ಪ್ಯಾನರು, ಹೊಸ ಮಷೀನು, ಎಲ್ಲಕ್ಕೂ ಕುಂಕುಮ, ಚೆಂಡು ಹೂವು. ಪೂಜೆಯಾದ ಮೇಲೆ ಯಾರೂ ಆಯುಧ ಮುಟ್ಟಬಾರದೆಂದು ಅತ್ತೆ ಶೆಡ್ಡಿನ ಬಾಗಿಲು ಹಾಕಿಸಿದರು. ಇವರ ಮುಖ ನೋಡಬೇಕಿತ್ತು.

ಅಕ್ಟೋಬರ್ 14, ಸೋಮವಾರ, ಶಿವಮೊಗ್ಗ

ಇವರು ಬದುಕಿದ್ದಾರೆ.

ಇನ್ನೇನೂ ಬರೆಯಲಾರೆ.

ಅಕ್ಟೋಬರ್ 16, ಬುಧವಾರ, ಶಿವಮೊಗ್ಗ

ಆಸ್ಪತ್ರೆಯ ಐಸಿಯು ಮುಂದಿನ ಬೆಂಚು. ಒಳಗೆ ಬಿಡುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ತಲೆಯೊಳಗೆ ಅದೇ ಸುತ್ತುತ್ತಿದೆ. ಬರೆದರೆ ನಿಲ್ಲುತ್ತದೆಯೋ ಏನೋ.

ಶನಿವಾರ ಬೆಳಿಗ್ಗೆ ತಿಂಡಿಗೆ ಮುಂಚೆಯೇ ಇವರು ಶೆಡ್ಡಿನ ಬಾಗಿಲು ತೆಗೆದರು. ಸ್ವಲ್ಪ ಹೊತ್ತಿಗೆ ನಾನು ಕಾಫಿ ತೆಗೆದುಕೊಂಡು ಹೋದೆ. ಇವರು ಕಾಣಲಿಲ್ಲ. ಕಾರಿನ ಹಿಂದೆ ಗುಂಡಿಗೆ ಇಳಿಯುವ ಮೆಟ್ಟಿಲಿದೆ. ನೋಡಿದರೆ ಇವರು ಗುಂಡಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ತಗಡಿಗೆ ಗುರುತು ಹಾಕುವ ಸೀಮೆಸುಣ್ಣ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿರಬೇಕು. ಗಾಯ ಇಲ್ಲ, ರಕ್ತ ಇಲ್ಲ. ಮಲಗಿದ ಹಾಗೇ ಇದ್ದರು.

ನಾನು ಕೂಗಿದೆ. ಹಲ್ಲುಜ್ಜುತ್ತಿದ್ದ ಸುದೀಪ ಓಡಿ ಬಂದವನೇ ಮೆಟ್ಟಿಲ ಮೇಲೆ ಕಾಲಿಟ್ಟ. ಅಷ್ಟರಲ್ಲಿ ನನ್ನ ಕಣ್ಣು ಸಿಲಿಂಡರಿನ ಮೇಲೆ ಹೋಯಿತು. ಗುರುವಾರ ಬಲಗಡೆ ತುದಿಯಲ್ಲಿದ್ದ ಮುಳ್ಳು ಎಡಗಡೆ ತುದಿಗೆ ಮಲಗಿತ್ತು. ಸಿಲಿಂಡರ್ ಖಾಲಿ. ಅಷ್ಟೂ ಗ್ಯಾಸ್ ಎಲ್ಲಿಗೆ ಹೋಯಿತು?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಚೌಳಹಿರಿಯೂರಿನ ನಮ್ಮ ಹೊಲದ ಪಾಳು ಬಾವಿಗೆ ಮೋಟಾರ್ ಎತ್ತಲು ಇಳಿದ ಆಳು ಮೇಲೆ ಬರಲಿಲ್ಲ. ಅವನನ್ನು ಎತ್ತಲು ನನ್ನ ಸೋದರಮಾವ ಮುದ್ದಪ್ಪ ಇಳಿದ. ಅವನೂ ಬರಲಿಲ್ಲ. ಇಳಿಯಲು ಹೊರಟ ಮೂರನೆಯವನನ್ನು ಊರವರು ಹುಣಸೇಮರಕ್ಕೆ ಕಟ್ಟಿಹಾಕಿದರು. ಕೆಟ್ಟ ಗಾಳಿ ತುಂಬಿದೆ ಎಂದು ಅವತ್ತು ದೊಡ್ಡವರು ಹೇಳಿದ್ದು ನೆನಪಿದೆ.

ಸುದೀಪನ ಅಂಗಿಯ ಕತ್ತನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಎಳೆದೆ.

"ಇಳೀಬೇಡ! ಒಳಗೆ ಉಸಿರಾಡೋಕೆ ಗಾಳಿ ಇಲ್ಲ!"

"ಬಿಡಿ ಅತ್ತಿಗೆ! ಅಣ್ಣ ಸಾಯ್ತವ್ನೆ, ಬಿಡೀ!"

ಅವನು ನನ್ನನ್ನು ದೂಡಿದ. ಕಾರಿನ ಬಂಪರಿಗೆ ತಲೆ ಬಡಿಯಿತು. ಬಿಡಲಿಲ್ಲ. ಅವನ ಕುತ್ತಿಗೆಗೆ ಉಗುರು ಊರಿ ಹಿಡಿದಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಬಿಡೇ ಅವನ್ನ, ಮಾರಿ! ಇಳೀಲಿ ಬಿಡೇ!" ಎಂದು ಕಿರುಚುತ್ತಿದ್ದರು. ನಾನು ಸುದೀಪನ ಕಿವಿಯ ಹತ್ತಿರ ಕೂಗಿದೆ: "ಹಗ್ಗ ತಾ! ಟೆಂಪೋ ಹಗ್ಗ! ಕಟ್ಕೊಂಡು ಇಳೀವಂತೆ!"

ಅದು ಅವನ ತಲೆಗೆ ಹೋಯಿತು. ಅವನು ಹಗ್ಗಕ್ಕೆ ಓಡಿದಾಗ ನಾನು ಶೆಡ್ಡಿನ ದೊಡ್ಡ ಫ್ಯಾನನ್ನು ಎಳೆದು, ಗುಂಡಿಯ ಬಾಯಿಗೆ ಮುಖ ಕೆಳಗೆ ಮಾಡಿ ಕೆಡವಿ ಜೋರಾಗಿ ಹಾಕಿದೆ. ಅವನ ಸೊಂಟಕ್ಕೆ ಹಗ್ಗ ಬಿಗಿದೆ. "ಉಸಿರು ಕಟ್ಕೋ. ಕೆಳಗೆ ಉಸಿರು ಎಳೆದ್ರೆ ನೀನೂ ಹೋಗ್ತೀಯ." ಮೊದಲ ಸಲ ಇಳಿದವನು ಉಸಿರು ತಡೆಯಲಾರದೆ ಮೇಲೆ ಬಂದ. ಎರಡನೇ ಸಲ ಇವರ ಕಂಕುಳಿಗೆ ಕೈ ಹಾಕಿ ಮೆಟ್ಟಿಲವರೆಗೆ ತಂದ. ಕೂಗು ಕೇಳಿ ಬಂದಿದ್ದ ಪಕ್ಕದ ಮನೆಯ ದೇವೀರಪ್ಪನವರೂ ನಾನೂ ಎಳೆದೆವು.

ಇವರ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಅಂಗಳದಲ್ಲಿ ಮಲಗಿಸಿ, ಕಚೇರಿಯ ತರಬೇತಿಯಲ್ಲಿ ಗೊಂಬೆಗೆ ಮಾಡಿದ್ದಂತೆ ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ಎಷ್ಟು ಸಲವೋ. ಕೊನೆಗೆ ಕೀಲು ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಸದ್ದು ಗಂಟಲಿಂದ ಬಂತು. ತರೀಕೆರೆ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸ್, ಇಲ್ಲಿ.

ಡಾಕ್ಟರು ಹೊರಗೆ ಬಂದು, "ಮೆದುಳಿಗೆ ಗಾಳಿ ಸಾಲದೆ ಪೆಟ್ಟಾಗಿದೆ. ಎಷ್ಟು ಹೊತ್ತು ಕೆಳಗಿದ್ರು?" ಎಂದು ಕೇಳಿದರು.

ಸುದೀಪ ನೆಲ ನೋಡಿಕೊಂಡು ಹೇಳಿದ: "ನಾನು ಓಡಿ ಬಂದಾಗ್ಲೇ ಇಳಿದಿದ್ರೆ ಬೇಗ ಎತ್ತಿರ್ತಿದ್ದೆ ಸಾರ್. ಅತ್ತಿಗೆ ಬಿಡ್ಲಿಲ್ಲ."

ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಗಂಡ ಕೆಳಗೆ ಸಾಯುತ್ತಿರುವಾಗ ನಾನು ಮೈದುನನನ್ನು ಹಿಡಿದು ನಿಂತಿದ್ದೆ.

ಅಕ್ಟೋಬರ್ 19, ಶನಿವಾರ, ಶಿವಮೊಗ್ಗ

ಕಣ್ಣು ಬಿಟ್ಟು ಮಾತಾಡಿದರು! ಓಡಿ ಹೋಗಿ ಅತ್ತೆಯನ್ನು ಕರೆದೆ. ಇವರು ಅತ್ತೆಯನ್ನು ನೋಡಿ, "ಪೂಜೆಗೆ ಹೂವು ತಂದ್ರಾ?" ಎಂದರು. "ಪೂಜೆ ಆಗಿ ವಾರ ಆಯ್ತು ಕಣಪ್ಪಾ" ಎಂದರು ಅತ್ತೆ. ಇವರು ತಲೆಯಾಡಿಸಿದರು. ಒಂದು ಗುಟುಕು ನೀರು ಕುಡಿದರು. ಆಮೇಲೆ, "ಪೂಜೆಗೆ ಹೂವು ತಂದ್ರಾ?"

ಸಂಜೆಯವರೆಗೂ ಅದೇ. ಪ್ರತಿ ಸಲ ಹೊಸದಾಗಿ ಕೇಳುವವರ ಮುಖ.

ಅತ್ತೆ ನನ್ನನ್ನು ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಕ್ಟೋಬರ್ 27, ಭಾನುವಾರ

ಮನೆಗೆ ಬಂದು ಮೂರು ದಿನವಾಯಿತು. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಏನು ಹೇಳಬೇಕಾದರೂ ಗೋಡೆಗೋ ಬೆಕ್ಕಿಗೋ ಹೇಳುತ್ತಾರೆ. "ಉಪ್ಪು ಮುಗ್ದೈತೆ, ಯಾರಾದ್ರೂ ತಂದ್ರೆ ತರಬೋದು." ಸುದೀಪ ಎದುರಿಗೆ ಬಂದರೆ ತಲೆ ತಗ್ಗಿಸುತ್ತಾನೆ. ಅವನ ಕುತ್ತಿಗೆಯ ಮೇಲೆ ನನ್ನ ಉಗುರಿನ ಗೀರುಗಳು ಇನ್ನೂ ಕೆಂಪಗಿವೆ.

ಇವರ ನೆನಪು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ. ಆದರೆ ದಸರಾದ ಆ ದಿನಗಳು ಪೂರ್ತಿ ಅಳಿಸಿಹೋಗಿವೆ. ಬಲಗೈ ನಡುಗುತ್ತದೆ. ಕೆಲವು ಪದಗಳು ಸಿಗುವುದಿಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಅದು... ಬಿಳೀದು... ಕುಡಿಯೋದು... ಹುಳಿ" ಎಂದರು. ಮಜ್ಜಿಗೆ.

ಸಂಜೆ ಶಾಲೆಯ ಹುಡುಗರ ಉತ್ತರ ಪತ್ರಿಕೆಯ ಕಟ್ಟು ತೆಗೆದು ಕೂತರು. ಬಹಳ ಹೊತ್ತು ಒಂದೇ ಹಾಳೆ ಹಿಡಿದಿದ್ದರು. ನಾನು ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಕೇಳಿದರು: "ಪ್ರತಿಮಾ, ಏಳೆಂಟ್ಲೆ ಎಷ್ಟು?"

ಹೇಳಿದೆ. ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಅಕ್ಟೋಬರ್ 30, ಬುಧವಾರ

ಡಾಕ್ಟರು ಹೇಳಿದ್ದು: ಮಾತಾಡಿಸುತ್ತಾ ಇರಿ, ಗೊತ್ತಿರುವ ಕೆಲಸದ ಮಧ್ಯೆ ಕೂರಿಸಿ. ಇವರಿಗೆ ಗೊತ್ತಿರುವುದು ಎರಡೇ, ಗಣಿತ ಮತ್ತು ಕಾರು. ಗಣಿತಕ್ಕೆ ಈಗ ಕೈಹಾಕಲು ನನಗೆ ಧೈರ್ಯವಿಲ್ಲ.

ಮಷೀನು ಮಾರಿಬಿಡುವುದು ಎಂದು ನಿರ್ಧರಿಸಿದ್ದೇನೆ. ಮಾರಬೇಕಾದರೆ ಓಡಿಸಿ ತೋರಿಸಬೇಕು, ಓಡಿಸಲು ಗ್ಯಾಸ್ ಬೇಕು. ಸುದೀಪ ಮುಖ ತಿರುಗಿಸಿ, "ಆ ಸಿಲಿಂಡರ್ ನಾನು ಮುಟ್ಟಲ್ಲ ಅತ್ತಿಗೆ" ಅಂದ. ನಾನೇ ಬಸ್ಸಿಗೆ ಭದ್ರಾವತಿಗೆ ಹೋದೆ. ಗ್ಯಾಸಿನವರು ತಮ್ಮ ಗಾಡಿಯಲ್ಲಿ ತುಂಬಿದ ಸಿಲಿಂಡರ್ ತಂದು, ಖಾಲಿಯದನ್ನು ಒಯ್ದರು. ಬಾಗಿಲೆರಡೂ ತೆಗೆದಿಟ್ಟು, ಗುಂಡಿಗೆ ಹಲಗೆ ಹಾಸಿ, ಅವರ ಎದುರಿಗೇ ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿ ನೋಡಿದೆ. ಪೈಪು ಸೇರುವ ಒಂದು ನಟ್ಟಿನ ಬುಡದಲ್ಲಿ ಮೆಲ್ಲಗೆ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಅವತ್ತು ಇವರು ಮಷೀನಿನ ಸ್ವಿಚ್ ಆರಿಸಿದ್ದರು, ಸಿಲಿಂಡರಿನ ತಿರುಪು ಮುಚ್ಚಿರಲಿಲ್ಲ. ಒಂದೂವರೆ ದಿನ ಆ ನಟ್ಟಿನಿಂದ ಗ್ಯಾಸ್ ಹೊರಗೆ ಬಂದಿದೆ. ಗಾಳಿಗಿಂತ ಭಾರ, ಹಾಗಾಗಿ ಗುಂಡಿಗೆ ಹರಿದು ತುಂಬಿದೆ.

ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಗುಳ್ಳೆ ನಿಂತಿತು. ಅರ್ಧ ಸುತ್ತು!

ನವೆಂಬರ್ 3, ಭಾನುವಾರ

ಇವರನ್ನು ಶೆಡ್ಡಿನ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಮಷೀನು ನೋಡಿ ಮುಖ ಅರಳಿತು. ಬೆಸುಗೆ ಹಾಕುವ ಟಾರ್ಚಿನ ಹಿಡಿ ಕೈಗೆ ಕೊಟ್ಟೆ, ತುದಿ ನಡುಗಿತು. ಸುಮ್ಮನೆ ನನ್ನ ಕೈಗೆ ವಾಪಸು ಕೊಟ್ಟು, "ನೀನು ಹಿಡಿ, ನಾನು ಹೇಳ್ತೀನಿ" ಎಂದರು.

ಇವರು ಮಾತಾಡಲಿ ಎಂದಷ್ಟೇ ಹಿಡಿದೆ. ಹೆಲ್ಮೆಟ್ ಹಾಕಿಕೊಂಡೆ. ಪೆಡಲ್ ಒತ್ತಿದೆ. ಆ ಬಿಳೀ ಚುಕ್ಕೆ.

"ನಿಧಾನ ಕಣೇ. ನೋಡು, ತಗಡು ಕರಗಿ... ಅದು... ಅದು ಬರುತ್ತಲ್ಲ, ದುಂಡಗೆ, ಹೊಳೀತಾ..." ಪದ ಸಿಗದೆ ಒದ್ದಾಡಿದರು. "ಕೆರೆ! ಸಣ್ಣ ಕೆರೆ ಬರುತ್ತೆ. ಆ ಕೆರೇನ ಮುಂದಕ್ಕೆ ನಡೆಸಬೇಕು. ಏರಿ ಒಡೀಬಾ‌ರದು. ಒಡೆದ್ರೆ ತೂತು."

ಅದಕ್ಕೆ ಸರಿಯಾದ ಹೆಸರು ಬೇರೆ ಇರಬೇಕು. ನನಗೆ ಕೆರೆಯೇ ಸರಿಯಾಗಿ ಕಂಡಿತು.

ನಾಲ್ಕು ತೂತು ಮಾಡಿದೆ. ಇವರು ಇಡೀ ಬೆಳಿಗ್ಗೆ ಮಾತಾಡಿದರು.

ನವೆಂಬರ್ 10, ಭಾನುವಾರ

ಟಂಗ್‌ಸ್ಟನ್ ಅಂತ ಟಾರ್ಚಿನ ಬಾಯಲ್ಲಿ ಒಂದು ಕಡ್ಡಿ. ಅದರ ತುದಿ ಕೆರೆಗೆ ತಾಗಿದರೆ ಕೆಟ್ಟಿತು, ಮತ್ತೆ ಮೊನೆ ಮಸೆಯಬೇಕು. ಈ ವಾರ ಎಷ್ಟು ಸಲ ಮಸೆದೆನೋ. ತಗಡನ್ನು ಮೊದಲೇ ಚೆನ್ನಾಗಿ ಉಜ್ಜದಿದ್ದರೆ ಬೆಸುಗೆ ಕಪ್ಪಾಗುತ್ತದೆ. ಕುತ್ತಿಗೆಗೆ ಸೆರಗು ಸುತ್ತಿಕೊಳ್ಳದೆ ಆ ಬೆಳಕಿಗೆ ಚರ್ಮ ಸುಟ್ಟು ಸುಲಿಯುತ್ತಿದೆ. ಹತ್ತಿ ಬಟ್ಟೆಯ ದಪ್ಪ ಅಂಗಿ ಬೇಕು. ಇವರ ಹಳೇ ಯೂನಿಫಾರಂ ಅಂಗಿ ಇತ್ತಲ್ಲ, ಎನ್‌ಸಿಸಿಯದು, ಹುಡುಕಬೇಕು.

ಅತ್ತೆಯ ಬಗ್ಗೆ ಬರೆಯಲು ಏನೂ ಇಲ್ಲ. ಇನ್ನೂ ಗೋಡೆಯೊಡನೆ ಮಾತು.

ನವೆಂಬರ್ 17, ಭಾನುವಾರ

ಕೇಳುತ್ತಾರೆಂದು ಗೊತ್ತಿತ್ತು. ಕೇಳಿದರು.

ಶೆಡ್ಡಿನಲ್ಲಿ ಇಬ್ಬರೇ ಇದ್ದೆವು. "ಸುದೀಪನ ಕುತ್ತಿಗೆಗೆ ಏನಾಯ್ತು? ಕೇಳಿದ್ರೆ ಹೇಳ್ತಾ ಇಲ್ಲ. ಅಮ್ಮ ಯಾಕೆ ನಿನ್ನ ಹತ್ರ ಮಾತಾಡಲ್ಲ? ನಂಗೆ ತಲೆ ಕೆಟ್ಟಿದೆ ಅಂತ ಎಲ್ಲ ಮುಚ್ಚಿಡಬೇಡಿ."

ಹೆಲ್ಮೆಟ್ ತೆಗೆದೆ. ಮುಳ್ಳು ನೋಡಿದ್ದು, ಮುದ್ದಪ್ಪ ಮಾವನ ಬಾವಿ, ಸುದೀಪನ ಅಂಗಿ, ಅತ್ತೆಯ ಕೂಗು, ಎಲ್ಲ ಹೇಳಿದೆ. ಕೊನೆಗೆ ಯಾರಿಗೂ ಹೇಳದಿದ್ದದ್ದನ್ನೂ ಹೇಳಿಬಿಟ್ಟೆ. "ಆಗ ನಿಮ್ಮ ಆಸೆ ಬಿಟ್ಟಿದ್ದೆ ಕಣ್ರೀ. ನೀವು ಸತ್ತೇ ಹೋಗಿದ್ದೀರಿ ಅಂದ್ಕೊಂಡೆ. ಇನ್ನೊಬ್ಬ ಹೋಗಬಾರದು ಅಂತ ಅಷ್ಟೇ ಇತ್ತು ತಲೇಲಿ. ನಾನು ಅವನನ್ನ ಬಿಟ್ಟಿದ್ರೆ ನಿಮ್ಮ ಕೈ ನಡುಗ್ತಿರ್ಲಿಲ್ವೇನೋ."

ಇವರು ಕಾರಿನ ಕಡೆ ತಿರುಗಿದರು. ಪದ ಹುಡುಕುತ್ತಿದ್ದಾರೋ, ಸಿಟ್ಟೋ, ಗೊತ್ತಾಗಲಿಲ್ಲ.

"ಅವನು ಸತ್ತು ನಾನು ಎದ್ದು ಬಂದಿದ್ರೆ," ಎಂದರು, ಒಂದೊಂದೇ ಪದವನ್ನು ಎತ್ತಿ ಇಡುತ್ತಾ, "ಈ ತಲೆ ಸರಿಹೋಗೋದೇ ಬೇಡ ಅಂತಿದ್ದೆ. ಏನೂ ನೆನಪಾಗೋದು ಬೇಡ ಅಂತಿದ್ದೆ."

ಒಂದು ಪದಕ್ಕೂ ತಡವರಿಸಲಿಲ್ಲ.

ನವೆಂಬರ್ 24, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮಷೀನು ನೋಡಲು ಅಜ್ಜಂಪುರದ ಬೆನಕಪ್ಪ ಎಂಬುವವರು ಬಂದರು. ಗ್ರಿಲ್ಲು ಮಾಡುವವರು, ನಮ್ಮ ಕಚೇರಿಯ ಗುಮಾಸ್ತರ ಪರಿಚಯ. ನಾನು ಎರಡು ತಗಡು ಸೇರಿಸಿ ತೋರಿಸಿದೆ. ಅವರಿಗೆ ಒಪ್ಪಿಗೆಯಾಯಿತು. ಆಗ ಇವರು, "ತಗೊಂಡು ಹೋಗೋರಿಗೆ ಎಲ್ಲಾ ತಿಳಿಸಬೇಕು" ಎಂದು ಹಟ ಹಿಡಿದರು. "ನಂಗೂ ನೋಡ್ಬೇಕು ಕಣೇ. ವಾಸನೆ ಇಲ್ಲ, ಬಣ್ಣ ಇಲ್ಲ, ನನ್ನನ್ನ ಬೀಳಿಸಿದ್ದು ಏನು ಅಂತ ನಾನಿನ್ನೂ ನೋಡೇ ಇಲ್ಲ. ಒಂದು ಹಣತೆ ತಾ."

ಬೇಡ ಅಂದೆ. ಕೇಳಲಿಲ್ಲ. ಕಾರನ್ನು ಹಿಂದಕ್ಕೆ ತಳ್ಳಿಸಿ ಗುಂಡಿಯ ಹಲಗೆ ತೆಗೆಸಿದೆವು. ಬಾಗಿಲುಗಳೆಲ್ಲ ತೆರೆದಿದ್ದವು. ಪೈಪನ್ನು ಗುಂಡಿಯ ತಳಕ್ಕೆ ಬಿಟ್ಟು ಸಿಲಿಂಡರ್ ತಿರುಗಿಸಿದವಳು ನಾನೇ. ಏನು ಮಾಡುತ್ತಿದ್ದೇನೆ ಎಂದು ನನಗೇ ಭಯವಾಯಿತು. ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದವರು ಎದ್ದು ಬಂದರು. ಸುದೀಪನೂ ಬಂದ. ಎಲ್ಲರನ್ನೂ ಅಂಚಿನಿಂದ ದೂರ ನಿಲ್ಲಿಸಿದೆ.

ತಂತಿಗೆ ಕಟ್ಟಿದ ಹಣತೆಯನ್ನು ಕೋಲಿನ ತುದಿಯಿಂದ ಮೆಲ್ಲಗೆ ಇಳಿಬಿಟ್ಟೆ. ಗುಂಡಿಯ ಬಾಯಲ್ಲಿ ಚೆನ್ನಾಗಿ ಉರಿಯುತ್ತಿತ್ತು. ಇನ್ನಷ್ಟು ಇಳಿಸಿದೆ. ಜ್ವಾಲೆ ಸಣ್ಣದಾಗಿ, ಬತ್ತಿಯಿಂದ ಮೇಲೆದ್ದು, ಇಲ್ಲವಾಯಿತು. ಊದಿದ ಹಾಗಲ್ಲ, ಯಾರೋ ಎರಡು ಬೆರಳಲ್ಲಿ ಹೊಸಕಿದ ಹಾಗೆ. ಬತ್ತಿಯ ಹೊಗೆ ಮೇಲೇಳಲಿಲ್ಲ. ಗುಂಡಿಯಲ್ಲಿ ನೀರು ನಿಂತಿದೆಯೇನೋ ಎಂಬಂತೆ, ಕಾಣದ ಯಾವುದರದೋ ಮೇಲೆ ತೆಳ್ಳಗೆ ಹರಡಿಕೊಂಡಿತು.

ಎತ್ತಿ, ಹಚ್ಚಿ, ಮತ್ತೆ ಇಳಿಸಿದೆ. ಅದೇ ಜಾಗದಲ್ಲಿ ಮತ್ತೆ ಆರಿತು.

ಸುದೀಪ ತನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿದ.

"ಬಗ್ಗಬ್ಯಾಡ ಕಣೋ!"

ಅತ್ತೆ ಎರಡೂ ಕೈಯಲ್ಲಿ ಅವನ ಅಂಗಿಯ ಕತ್ತು ಹಿಡಿದು ಹಿಂದಕ್ಕೆ ಎಳೆದರು. ಅಂಗಿಯ ಬಟನ್ ಕಿತ್ತು ಹಾರಿತು. ಇಬ್ಬರೂ ನೆಲಕ್ಕೆ ಬಿದ್ದರು. ಬಿದ್ದ ಮೇಲೂ ಅತ್ತೆಯ ಮುಷ್ಟಿ ಬಿಚ್ಚಲಿಲ್ಲ.

"ಅಮ್ಮಾ, ಬಿಡಮ್ಮಾ, ಏನೂ ಆಗಿಲ್ಲ" ಎಂದ ಸುದೀಪ. ಅವರು ಬಿಡಲಿಲ್ಲ. ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಸಿಲಿಂಡರ್ ಮುಚ್ಚಿದೆ. ಫ್ಯಾನಿಟ್ಟು ಗುಂಡಿಯ ಗಾಳಿ ಹೊರಗೆ ಹಾಕಿಸಿ, ಹಣತೆ ತಳದವರೆಗೂ ಆರದೆ ಉರಿಯುವುದನ್ನು ನೋಡಿ ಹಲಗೆ ಮುಚ್ಚಿಸಿದೆ. ಬೆನಕಪ್ಪನವರು ಮುಖ ಒರೆಸಿಕೊಂಡು, "ನಮ್ಮ ಅಂಗಡೀಲಿ ಗುಂಡಿ ಇಲ್ಲ ಬಿಡಿ. ಆದ್ರೂ ಮನೇಲಿ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ" ಎಂದು ಹೊರಟರು.

ಸುದೀಪ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಟೆಂಪೋದೊಳಗೆ ಕೂತಿದ್ದ. ತಟ್ಟೆ ತೆಗೆದುಕೊಂಡು ಹೋದೆ. ನನ್ನ ಮುಖ ನೋಡದೆ, "ಡಾಕ್ಟ್ರ ಹತ್ರ ಹಂಗೆ ಹೇಳಬಾರದಿತ್ತು ಅತ್ತಿಗೆ" ಅಂದ. ಅನ್ನ ಕಲಸಿದ, ತಿನ್ನಲಿಲ್ಲ.

ಸಂಜೆ ಅಡುಗೆಮನೆಗೆ ಅತ್ತೆ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಗೋಡೆ ಇತ್ತು, ಬೆಕ್ಕೂ ಇತ್ತು. ನನ್ನನ್ನೇ ನೋಡಿ ಹೇಳಿದರು:

"ಅವನ ಕುತ್ತಿಗೇಲಿ ನಿನ್ನ ಉಗುರಿನ ಕಲೆ ಐತಲ್ಲ, ದಿನಾ ನೋಡ್ತಿದ್ದೆ ಕಣೇ. ನೋಡ್ದಾಗೆಲ್ಲ ನಿನ್ನ ಶಪಿಸ್ತಿದ್ದೆ. ಇವತ್ತು ಹತ್ತಿರ ಕೂರಿಸ್ಕೊಂಡು ನೋಡ್ದೆ. ಮಾಸ್ತಾ ಐತೆ. ಅದು ಹೋಗ್ಬಾರದು ಪ್ರತಿಮಾ. ನನ್ನ ಮಗ ಉಳ್ಕೊಂಡಿರೋ ಗುರುತು ಅದು."

ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿತು. ಇಬ್ಬರೂ ಒಟ್ಟಿಗೆ ಕೈ ಚಾಚಿದೆವು.

ಡಿಸೆಂಬರ್ 8, ಭಾನುವಾರ

ಡೈರಿ ಬರೆಯಲು ಪುರುಸೊತ್ತೇ ಆಗುತ್ತಿಲ್ಲ.

ಇವರು ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದಾರೆ. ಸದ್ಯಕ್ಕೆ ಎಂಟನೇ ಕ್ಲಾಸು ಮಾತ್ರ ಕೊಟ್ಟಿದ್ದಾರೆ. ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಗುತ್ತದಂತೆ, ಹುಡುಗರು ನಗುವುದಿಲ್ಲವಂತೆ. ಅತ್ತೆ ನಾನು ಶೆಡ್ಡಿಗೆ ಹೋದಾಗಲೆಲ್ಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ನಾನು ಹೊರಗೆ ಬಂದರೆ ಮೊದಲ ಮಾತು, "ತಿರುಗ್ಸಿ ಮುಚ್ಚಿದ್ಯೇನೇ?"

ಬೆಳಿಗ್ಗೆ ಬೆನಕಪ್ಪನವರ ಫೋನು ಬಂತು. ದುಡ್ಡು ಸಿದ್ಧವಿದೆ, ಮಧ್ಯಾಹ್ನ ಗಾಡಿ ತಂದು ಮಷೀನು ಒಯ್ಯುತ್ತೇನೆ ಎಂದರು. ನಾನು ಹೆಲ್ಮೆಟನ್ನು ಹಣೆಗೆ ಎತ್ತಿಕೊಂಡು ಮಾತಾಡುತ್ತಿದ್ದೆ. ಕಾರಿನ ಎಡಗಡೆ ನೆಲದ ತಗಡಿಗೆ ಬೆಸುಗೆ ಹಾಕುತ್ತಿದ್ದೆ. ಒಂದೇ ಒಂದು ತೂತೂ ಬೀಳದೆ ಅಷ್ಟುದ್ದ ಬಂದಿತ್ತು.

"ಇಲ್ಲ ಬೆನಕಪ್ಪನವರೇ, ಮಷೀನು ಕೊಡಲ್ಲ."

"ಯಾಕಮ್ಮಾ? ಬೇರೆ ಗಿರಾಕಿ ಸಿಕ್ಕಿದ್ರಾ?"

"ಗಿರಾಕಿ ಅಲ್ಲ. ಬಲಗಡೆ ತಗಡು ಇನ್ನೂ ಪೂರ್ತಿ ಬಾಕಿ ಇದೆ ನಂದು."

ಫೋನಿಟ್ಟ ಮೇಲೆ ದಿಗಿಲಾಯಿತು. ಯಾರನ್ನೂ ಕೇಳದೆ, ಒಂದು ಗಳಿಗೆ ಯೋಚಿಸದೆ ಹೇಳಿಬಿಟ್ಟಿದ್ದೆ. ತಿರುಗಿ ನೋಡಿದರೆ ಕುರ್ಚಿಯಲ್ಲಿ ಇವರು, ಮಣೆಯ ಮೇಲೆ ಅತ್ತೆ, ಇಬ್ಬರೂ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು.

ಸಂಜೆಯೊಳಗೆ ಎಡಗಡೆ ಮುಗಿಯಿತು.